ಹಗಲುಮನೆಯ ಬೀಗ

ಮಕ್ಕಳೇ, ನೀವು ಸಂಜೆ ಶಾಲೆಯಿಂದ ಮನೆಗೆ ಹೋದಾಗ ಬಾಗಿಲು ತೆರೆಯುವವರು ಯಾರು? ನಿಮ್ಮಲ್ಲಿ ಹಲವರ ಮನೆಗಳಲ್ಲಿ ಅಜ್ಜನೋ ಅಜ್ಜಿಯೋ ಇರಬಹುದು. ನಿಮ್ಮ ಚೀಲ ಇಳಿಸಿಕೊಂಡು, ಚಹಾ ತಿಂಡಿ ಕೊಟ್ಟು, "ಇಂದು ಶಾಲೆಯಲ್ಲಿ ಎಂತ ಕಲಿತಿ?" ಎಂದು ಅವರು ಕೇಳುತ್ತಾರೆ. ನೀವು ಹೇಳುತ್ತೀರಿ. ಆದರೆ ಬೆಳಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ಅವರು ಏನು ಮಾಡಿದರು ಎಂದು ನೀವು ಎಂದಾದರೂ ಕೇಳಿದ್ದೀರಾ?

ನಾನು ಕೇಳಿರಲಿಲ್ಲ. ಮೂವತ್ತು ವರ್ಷಗಳಿಂದ ಮಕ್ಕಳಿಗೆ ಪಾಠ ಹೇಳುತ್ತಿದ್ದೇನೆ. ಹಿರಿಯರನ್ನು ಗೌರವಿಸಬೇಕು ಎಂದು ಕರಿಹಲಗೆಯ ಮೇಲೆ ಎಷ್ಟೋ ಸಲ ಬರೆದಿದ್ದೇನೆ. ಆದರೂ ನನ್ನ ಅಮ್ಮನ ಹಗಲು ಹೇಗೆ ಕಳೆಯುತ್ತದೆ ಎಂಬುದು ನನಗೆ ತಿಳಿದಿರಲಿಲ್ಲ.

2022ರ ಮಳೆಗಾಲದ ಒಂದು ದಿನ. ಜೋರು ಮಳೆ ಬಂದು ಮಧ್ಯಾಹ್ನವೇ ಶಾಲೆ ಬಿಟ್ಟೆವು. ನಾನು ಮನೆ ತಲುಪಿದಾಗ ಅಮ್ಮ ಜಗಲಿಯಲ್ಲಿ ಕುಳಿತಿದ್ದರು. ಯಾರೊಡನೆಯೋ ಮಾತನಾಡುತ್ತಿದ್ದರು. ನೆಂಟರು ಬಂದಿರಬೇಕು ಎಂದುಕೊಂಡೆ. ಹತ್ತಿರ ಹೋಗಿ ನೋಡಿದರೆ ಅಲ್ಲಿದ್ದುದು ನಮ್ಮ ಬೆಕ್ಕು ಮಾತ್ರ. ಅಡುಗೆಮನೆಗೆ ಹೋದೆ. ಬೆಳಗ್ಗೆ ನಾನು ಮುಚ್ಚಿಟ್ಟಿದ್ದ ಗಂಜಿ ಹಾಗೆಯೇ ತಣ್ಣಗಾಗಿತ್ತು. ಚಟ್ನಿಯನ್ನೂ ಮುಟ್ಟಿರಲಿಲ್ಲ.

"ಅಮ್ಮಾ, ಯಾಕೆ ಉಣ್ಣಲಿಲ್ಲ?" ಎಂದು ಕೇಳಿದೆ.

"ಒಬ್ಬಳೇ ಕುಳಿತು ಉಣ್ಣಲಿಕ್ಕೆ ಮನಸ್ಸು ಬರುವುದಿಲ್ಲ ಮಗಾ" ಎಂದರು.

"ದಿನವೂ ಹೀಗೆಯೇ?"

ಅಮ್ಮ ಉತ್ತರ ಹೇಳಲಿಲ್ಲ. ಬೆಕ್ಕಿನ ಬೆನ್ನು ಸವರುತ್ತಾ ಅಂಗಳದ ಮಳೆಯನ್ನು ನೋಡುತ್ತಾ ಕುಳಿತರು.

ಮಕ್ಕಳೇ, ನಮ್ಮ ಮನೆಯಿಂದ ಸ್ವಲ್ಪ ದೂರದಲ್ಲಿ, ಅಂಗನವಾಡಿಯ ಬಳಿ, ಒಂದು ಚಿಕ್ಕ ಕಟ್ಟಡವಿದೆ. ಅದರ ಹಲಗೆಯ ಮೇಲೆ ಮಲಯಾಳದಲ್ಲಿ 'ಪಗಲ್ ವೀಡ್' ಎಂದೂ ಕನ್ನಡದಲ್ಲಿ 'ಹಗಲುಮನೆ' ಎಂದೂ ಬರೆದಿದೆ. ಹಗಲು ಹೊತ್ತು ಮನೆಯಲ್ಲಿ ಒಬ್ಬರೇ ಇರುವ ಅಜ್ಜ ಅಜ್ಜಿಯಂದಿರು ಬಂದು ಕುಳಿತುಕೊಳ್ಳಲು ಪಂಚಾಯತ್ ಕಟ್ಟಿಸಿದ ಮನೆ ಅದು. ಪತ್ರಿಕೆ ಓದಬಹುದು, ಟಿ.ವಿ. ನೋಡಬಹುದು, ಮಾತನಾಡಬಹುದು. ಸಂಜೆ ತಮ್ಮ ತಮ್ಮ ಮನೆಗೆ ಮರಳಬಹುದು.

2020ರ ಮಾರ್ಚ್ ತಿಂಗಳಲ್ಲಿ ಕೊರೊನಾ ಬಂತು. ನಮ್ಮ ಶಾಲೆ ಮುಚ್ಚಿತು, ಹಗಲುಮನೆಯೂ ಮುಚ್ಚಿತು. ರೋಗ ಹಿರಿಯರಿಗೆ ಹೆಚ್ಚು ಅಪಾಯ ಎಂಬ ಕಾರಣಕ್ಕೆ ಅವರನ್ನು ಮನೆಯೊಳಗೆ ಜೋಪಾನವಾಗಿ ಇರಿಸಿದೆವು. ಅದು ಆಗ ಬೇಕಾದದ್ದೇ. ಆದರೆ 2021ರ ನವೆಂಬರ್ 1ರಂದು ಕೇರಳದ ಶಾಲೆಗಳು ಮತ್ತೆ ತೆರೆದವು. ಮಕ್ಕಳ ಗಲಾಟೆ ಮತ್ತೆ ಕೇಳಿಸಿತು. ಅಂಗಡಿಗಳು ತೆರೆದವು. ಜಾತ್ರೆ ನಡೆಯಿತು. ಯಕ್ಷಗಾನದ ಚೆಂಡೆ ಬಾರಿಸಿತು. ಹಗಲುಮನೆಯ ಬೀಗ ಮಾತ್ರ ಹಾಗೆಯೇ ಇತ್ತು. ಅದರ ಜಗಲಿಯಲ್ಲಿ ಆಡುಗಳು ಮಲಗುತ್ತಿದ್ದವು. ನಾನು ದಿನಕ್ಕೆ ಎರಡು ಸಲ ಆ ದಾರಿಯಲ್ಲೇ ನಡೆಯುತ್ತಿದ್ದೆ. ಆ ಬೀಗ ನನ್ನ ಕಣ್ಣಿಗೆ ಬೀಳುತ್ತಿತ್ತು, ಮನಸ್ಸಿಗೆ ಬಿದ್ದಿರಲಿಲ್ಲ.

ಅಮ್ಮ ಉಣ್ಣದೆ ಕುಳಿತದ್ದನ್ನು ಕಂಡ ಮರುದಿನ ನಾನು ನಮ್ಮ ವಾರ್ಡಿನ ಸದಸ್ಯೆಯನ್ನು ಭೇಟಿಯಾದೆ. "ಹಗಲುಮನೆ ಏಕೆ ತೆರೆಯುತ್ತಿಲ್ಲ?" ಎಂದು ಕೇಳಿದೆ.

"ಟೀಚರ್, ಕಟ್ಟಡಕ್ಕೆ ದುಡ್ಡು ಇಟ್ಟಿದ್ದರು, ಕಟ್ಟಿದರು. ಕುರ್ಚಿಗೆ ಇಟ್ಟಿದ್ದರು, ತಂದರು. ಆದರೆ ದಿನವೂ ಬಾಗಿಲು ತೆರೆಯಲು ಒಬ್ಬರು ಬೇಕಲ್ಲ? ಅವರಿಗೆ ಸಂಬಳ ಬೇಕು. ಚಹಾಕ್ಕೆ, ಕರೆಂಟು ಬಿಲ್ಲಿಗೆ ದುಡ್ಡು ಬೇಕು. ಅದು ಯೋಜನೆಯಲ್ಲಿ ಇಲ್ಲ. ಗ್ರಾಮಸಭೆಯಲ್ಲಿ ಯಾರೂ ಕೇಳಲೂ ಇಲ್ಲ" ಎಂದರು.

ಮಕ್ಕಳೇ, ಈ ಮಾತು ನಿಮಗೆ ಅರ್ಥವಾಗಬೇಕಾದರೆ ಪಂಚಾಯತ್‌ಗೆ ದುಡ್ಡು ಎಲ್ಲಿಂದ ಬರುತ್ತದೆ ಎಂದು ತಿಳಿಯಬೇಕು.

ನಮ್ಮ ಮನೆಗಳಿಗೆ, ಅಂಗಡಿಗಳಿಗೆ ಪ್ರತಿ ವರ್ಷ ಕಟ್ಟಡ ತೆರಿಗೆ ಕಟ್ಟುತ್ತೇವೆ. ವ್ಯಾಪಾರ ಮಾಡುವವರು ಲೈಸನ್ಸಿಗೆ ಶುಲ್ಕ ಕೊಡುತ್ತಾರೆ. ಇವೆಲ್ಲ ಪಂಚಾಯತಿನ ಸ್ವಂತ ಆದಾಯ. ಇದರ ಜೊತೆಗೆ ರಾಜ್ಯ ಸರಕಾರವು ತನ್ನ ಯೋಜನೆಯ ಹಣದಲ್ಲಿ ಒಂದು ಪಾಲನ್ನು ಪಂಚಾಯತ್‌ಗಳಿಗೆ ಕೊಡುತ್ತದೆ. ಆ ಹಣವೂ ನಮ್ಮದೇ. ನಾವು ಒಂದು ಸಾಬೂನು ಕೊಂಡರೂ ಅದರ ಬೆಲೆಯಲ್ಲಿ ತೆರಿಗೆ ಸೇರಿರುತ್ತದೆ. ನಿಮ್ಮ ಅಜ್ಜ ಅಜ್ಜಿಯಂದಿರು ಎಷ್ಟು ವರ್ಷಗಳಿಂದ ಸಾಬೂನು, ಬೆಂಕಿಪೆಟ್ಟಿಗೆ, ಕೊಡೆ ಕೊಂಡಿದ್ದಾರೆ ಎಂದು ಯೋಚಿಸಿ ನೋಡಿ.

1992ರಲ್ಲಿ ನಮ್ಮ ದೇಶದ ಸಂವಿಧಾನಕ್ಕೆ 73ನೆಯ ತಿದ್ದುಪಡಿ ಬಂತು. ಅದು 1993ರಲ್ಲಿ ಜಾರಿಯಾಯಿತು. ಊರಿನ ಕೆಲಸಗಳನ್ನು ಊರಿನವರೇ ನಿರ್ಧರಿಸಬೇಕು ಎಂಬುದು ಅದರ ಆಶಯ. ಅದರಂತೆ ಕೇರಳದಲ್ಲಿ 1994ರಲ್ಲಿ ಪಂಚಾಯತ್ ರಾಜ್ ಕಾನೂನು ಬಂತು. 1996ರಲ್ಲಿ ಜನಕೀಯ ಯೋಜನೆ ಆರಂಭವಾಯಿತು. ರಾಜ್ಯದ ಯೋಜನೆಯ ಹಣದಲ್ಲಿ ನೂರಕ್ಕೆ 35ರಿಂದ 40ರಷ್ಟನ್ನು ಸ್ಥಳೀಯ ಸಂಸ್ಥೆಗಳಿಗೆ ಕೊಡಲು ಆಗ ಸರಕಾರ ತೀರ್ಮಾನಿಸಿತು. ಯಾವ ಕೆಲಸಕ್ಕೆ ಹಣ ಬೇಕು ಎಂದು ಹೇಳಲು ಪ್ರತಿ ವಾರ್ಡಿನಲ್ಲಿ ಗ್ರಾಮಸಭೆ ಸೇರುತ್ತದೆ. ಮೂರು ತಿಂಗಳಿಗೆ ಒಂದು ಸಲವಾದರೂ ಅದು ಸೇರಬೇಕು. ವಾರ್ಡಿನ ಮತದಾರರಲ್ಲಿ ನೂರಕ್ಕೆ ಹತ್ತು ಮಂದಿಯಾದರೂ ಅಲ್ಲಿ ಇರಬೇಕು.

ಇನ್ನು ಕಟ್ಟಡದ ಮಾತು. ನಿಮ್ಮ ಮನೆಯ ಬಾವಿಯನ್ನು ನೆನಪಿಸಿಕೊಳ್ಳಿ. ಬಾವಿ ತೋಡುವುದು ಒಂದೇ ಸಲ. ಆದರೆ ಹಗ್ಗ? ಅದು ಸವೆಯುತ್ತದೆ. ಮತ್ತೆ ಮತ್ತೆ ಹೊಸತು ತರಬೇಕು. ಹಗ್ಗವಿಲ್ಲದಿದ್ದರೆ ಬಾವಿಯಲ್ಲಿ ಎಷ್ಟು ನೀರಿದ್ದರೂ ಬಾಯಾರಿಕೆ ತೀರದು. ಹಗಲುಮನೆಯ ಕಟ್ಟಡ ಬಾವಿಯಂತೆ. ಬಾಗಿಲು ತೆರೆಯುವವರ ಸಂಬಳ, ಚಹಾ, ಕರೆಂಟು ಇವೆಲ್ಲ ಹಗ್ಗದಂತೆ. ನಮ್ಮೂರಿನಲ್ಲಿ ಬಾವಿ ಇತ್ತು, ಹಗ್ಗ ಇರಲಿಲ್ಲ.

ಕೆಲವು ವಾರಗಳ ಬಳಿಕ ನಮ್ಮ ವಾರ್ಡಿನ ಗ್ರಾಮಸಭೆ ಸೇರಿತು. ನಾನು ಹೋದೆ. ಪುಸ್ತಕದಲ್ಲಿ ಸಹಿ ಹಾಕಿ ಹಿಂದಿನ ಸಾಲಿನಲ್ಲಿ ಕುಳಿತೆ. ರಸ್ತೆಯ ಮಾತು ಬಂತು. ಬೀದಿದೀಪದ ಮಾತು ಬಂತು. ತೆಂಗಿನ ಗೊಬ್ಬರದ, ಮನೆ ದುರಸ್ತಿಯ ಮಾತು ಬಂತು. ಎದ್ದು ನಿಂತು ಹಗಲುಮನೆಯ ಬಗ್ಗೆ ಹೇಳಬೇಕು ಎಂದು ಎರಡು ಸಲ ಅಂದುಕೊಂಡೆ. ಯಾರಾದರೂ ನಕ್ಕರೆ? 'ಟೀಚರ್‌ಗೆ ಸ್ವಂತ ಅಮ್ಮನನ್ನು ನೋಡಿಕೊಳ್ಳಲು ಆಗುವುದಿಲ್ಲವೇ?' ಎಂದರೆ? ಹಾಗೆ ಯೋಚಿಸುತ್ತಿರುವಾಗಲೇ ಸಭೆ ಮುಗಿಯಿತು. ಬಿಸ್ಕತ್ತು ತಿಂದು, ಚಹಾ ಕುಡಿದು ಮನೆಗೆ ಬಂದೆ.

ಅಮ್ಮ ಜಗಲಿಯಲ್ಲಿ ಕಾಯುತ್ತಿದ್ದರು. "ಹೋಗಿ ಬಂದೆಯಾ? ಎಂತ ಕೇಳಿದಿ?" ಎಂದರು.

"ಏನೂ ಕೇಳಲಿಲ್ಲ ಅಮ್ಮ."

ಅಮ್ಮ ಸಿಟ್ಟು ಮಾಡಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, "ದಿನಾ ಅಷ್ಟು ಮಕ್ಕಳ ಎದುರು ಮಾತಾಡುತ್ತಿ. ಒಂದು ಮಾತು ನಮಗಾಗಿ ಹೇಳಲಿಕ್ಕೆ ಬಾಯಿ ಬರಲಿಲ್ಲವಾ?" ಎಂದರು. ಅಷ್ಟೇ ಹೇಳಿ ದೀಪ ಹಚ್ಚಲು ಒಳಗೆ ಹೋದರು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಯೋಜನೆ ತಯಾರಿಸುವ ಸಮಯದಲ್ಲಿ ಕೇರಳದ ಪಂಚಾಯತ್‌ಗಳಲ್ಲಿ ಹಿರಿಯರಿಗಾಗಿಯೇ ಒಂದು ಗ್ರಾಮಸಭೆ ನಡೆಯುತ್ತದೆ. ಅದನ್ನು 'ವಯೋಜನ ಗ್ರಾಮಸಭೆ' ಎನ್ನುತ್ತಾರೆ. ಅದರ ನೋಟೀಸು ನಮ್ಮ ಮನೆಗೆ ಬಂದಾಗ ನಾನು ಶಾಲೆಯಲ್ಲಿದ್ದೆ. ನೋಟೀಸು ಮಲಯಾಳದಲ್ಲಿತ್ತು. ಅಮ್ಮನಿಗೆ ಕನ್ನಡ ಮಾತ್ರ ಓದಲು ಬರುತ್ತದೆ. ನೆರೆಮನೆಯ ಐದನೆಯ ತರಗತಿಯ ಹುಡುಗಿಗೆ ಎರಡೂ ಬರುತ್ತದೆ. ಸಂಜೆ ಅವಳು ಬಂದು ನೋಟೀಸನ್ನು ಓದಿ, ಒಂದೊಂದು ಸಾಲನ್ನೂ ಕನ್ನಡದಲ್ಲಿ ಬಿಡಿಸಿ ಹೇಳಿದಳು. "ಅಜ್ಜಿ, ಅರುವತ್ತು ದಾಟಿದವರೆಲ್ಲ ಬರಬಹುದಂತೆ. ಬೇಕಾದ್ದನ್ನು ಹೇಳಬಹುದಂತೆ" ಎಂದಳು.

"ಹಾಗಾದರೆ ನಾನೇ ಹೋಗುತ್ತೇನೆ" ಎಂದರು ಅಮ್ಮ.

ಹೋಗಲು ಮೂವರು ಹೊರಟರು. ಅಮ್ಮ, ಬೀಡಿ ಕಟ್ಟುವ ಅಜ್ಜಿ, ಕೆಳಗಿನ ಮನೆಯ ಅಜ್ಜ. ಮೂವರೂ ಸೇರಿ ಒಂದು ಆಟೋರಿಕ್ಷಾ ಮಾಡಿದರು. ನಾನು ರಜೆ ಹಾಕಿ ಜೊತೆಗೆ ಹೋದೆ. ಆದರೆ ಮಾತನಾಡಿದ್ದು ಅಮ್ಮ.

"ನಮಗೆ ಹೊಸ ಕಟ್ಟಡ ಬೇಡ. ಇರುವ ಕಟ್ಟಡದ ಬೀಗ ತೆಗೆಯಿರಿ. ಹನ್ನೊಂದು ಗಂಟೆಗೆ ಒಂದು ಗ್ಲಾಸು ಚಹಾ ಕೊಡಿ. ಮಾತಿಗೆ ಜನ ಇದ್ದರೆ ಬುತ್ತಿ ನಾವೇ ತರುತ್ತೇವೆ" ಎಂದರು.

"ತೆರೆದಾಗ ಯಾರೂ ಬರುತ್ತಿರಲಿಲ್ಲವಲ್ಲ? ಕೊರೊನಾ ಬರುವ ಮೊದಲೇ ನಾಲ್ಕೈದು ಜನ ಮಾತ್ರ ಇದ್ದರು" ಎಂದು ಸಭೆಯಲ್ಲಿ ಒಬ್ಬರು ಹೇಳಿದರು.

ಆಗ ಕೆಳಗಿನ ಮನೆಯ ಅಜ್ಜ ಎದ್ದರು. "ಬರುವುದು ಹೇಗೆ? ನಡುವೆ ತೋಡು ಇದೆ. ಅದಕ್ಕೆ ಎರಡು ಅಡಿಕೆ ಮರದ ಸಂಕ. ಹಿಡಿಯಲು ಏನೂ ಇಲ್ಲ. ಮಳೆಗಾಲದಲ್ಲಿ ಪಾಚಿ ಕಟ್ಟುತ್ತದೆ. ಬಿದ್ದರೆ ಸೊಂಟ ಮುರಿಯುತ್ತದೆ. ಕಟ್ಟಡ ಕಟ್ಟಿದವರು ನಾವು ಬರುವ ದಾರಿಯನ್ನು ನೋಡಲೇ ಇಲ್ಲ" ಎಂದರು.

ಸಭೆ ಸುಮ್ಮನಾಯಿತು. ಆ ಸಂಕವನ್ನು ನಾನೂ ದಾಟುತ್ತಿದ್ದೆ. ನನಗೆ ಅದು ನಾಲ್ಕು ಹೆಜ್ಜೆಯ ದಾರಿ. ಅವರಿಗೆ ಅದು ಗೋಡೆ.

"ತಿಂಗಳಿಗೆ ಪಿಂಚಣಿ ಬರುತ್ತದಲ್ಲ, ಇದೆಲ್ಲ ಯಾಕೆ?" ಎಂದು ಇನ್ನೊಬ್ಬರು ಕೇಳಿದರು.

ಮಕ್ಕಳೇ, ಕೇರಳದಲ್ಲಿ ಕೃಷಿ ಕಾರ್ಮಿಕರಿಗೆ ಪಿಂಚಣಿ 1980ರಲ್ಲಿ ಆರಂಭವಾಯಿತು. ಆಗ ಅದು ತಿಂಗಳಿಗೆ 45 ರೂಪಾಯಿ. ಬಳಿಕ ಇನ್ನೂ ಹಲವು ಬಗೆಯ ಪಿಂಚಣಿಗಳು ಬಂದವು, ಮೊತ್ತವೂ ಹೆಚ್ಚಿತು. ಅದರಿಂದ ಎಷ್ಟೋ ಹಿರಿಯರು ಮಾತ್ರೆ ಕೊಳ್ಳುತ್ತಾರೆ, ಮೊಮ್ಮಕ್ಕಳಿಗೆ ಪೆನ್ಸಿಲು ಕೊಡಿಸುತ್ತಾರೆ. ಅದು ಬೇಕೇ ಬೇಕು. ಆದರೆ ಬೀಡಿ ಕಟ್ಟುವ ಅಜ್ಜಿ ಹೇಳಿದ್ದು ಬೇರೆ ಮಾತು. "ಪಿಂಚಣಿ ನನ್ನ ಕೈಗೆ ಬರುತ್ತದೆ. ಆದರೆ ನಾನು ಬಚ್ಚಲಲ್ಲಿ ಜಾರಿ ಬಿದ್ದರೆ ನೋಟು ಎದ್ದು ಬಂದು ನನ್ನನ್ನು ಎತ್ತುತ್ತದಾ? ಒಂದು ದಿನ ನಾನು ಹಗಲುಮನೆಗೆ ಬರದಿದ್ದರೆ, ಏಕೆ ಬರಲಿಲ್ಲ ಎಂದು ಯಾರಾದರೂ ಕೇಳುತ್ತಾರೆ. ನನಗೆ ಬೇಕಾದ್ದು ಅದು."

ಮರುದಿನ ನಾನು ಒಂದು ಅರ್ಜಿ ಬರೆದೆ. ಕನ್ನಡದಲ್ಲಿಯೇ ಬರೆದೆ. ಕೇರಳದಲ್ಲಿರುವ ಕನ್ನಡಿಗರು ಕನ್ನಡ ಪ್ರದೇಶದ ಕಚೇರಿಗಳಿಗೆ ಕನ್ನಡದಲ್ಲಿ ಅರ್ಜಿ ಕೊಡಬಹುದು. ಅದು ಕಾನೂನು ಕೊಟ್ಟ ಹಕ್ಕು. ಅರ್ಜಿಯ ಜೊತೆಗೆ ಒಂದು ಲೆಕ್ಕ ಇಟ್ಟೆ. ಆ ಲೆಕ್ಕವನ್ನು ಮಾಡಿದ್ದು ನನ್ನ ತರಗತಿಯ ಮಕ್ಕಳು. ನೀವೂ ಮಾಡಿ ನೋಡಿ. ಇಪ್ಪತ್ತು ಮಂದಿ ಹಿರಿಯರು. ಒಬ್ಬರಿಗೆ ದಿನಕ್ಕೆ ಚಹಾ ಮತ್ತು ತಿಂಡಿಗೆ 30 ರೂಪಾಯಿ ಎಂದು ಅಂದಾಜು ಮಾಡಿದೆವು. ಒಂದು ದಿನಕ್ಕೆ 600 ರೂಪಾಯಿ. ತಿಂಗಳಿಗೆ 25 ದಿನ ತೆರೆದರೆ 15,000 ರೂಪಾಯಿ. ವರ್ಷಕ್ಕೆ 1,80,000 ರೂಪಾಯಿ. ಬಾಗಿಲು ತೆರೆಯುವವರ ಸಂಬಳ ಮತ್ತು ಸಂಕದ ಖರ್ಚು ಬೇರೆ.

"ಇಷ್ಟೊಂದಾ ಟೀಚರ್!" ಎಂದು ಒಬ್ಬ ಹುಡುಗ ಬಾಯಿ ತೆರೆದ. ಇನ್ನೊಬ್ಬಳು, "ಅಜ್ಜಿಯಂದಿರು ಇಪ್ಪತ್ತು ಮಂದಿ, ಇಡೀ ವರ್ಷ ಅಲ್ಲವಾ?" ಎಂದಳು. ಇಬ್ಬರ ಮಾತೂ ಸರಿ. ಪಂಚಾಯತ್‌ನಲ್ಲಿ ಕುಳಿತವರು ಯೋಚಿಸಬೇಕಾದದ್ದೂ ಹೀಗೆಯೇ. ಅದೇ ಹಣದಲ್ಲಿ ರಸ್ತೆ ಆಗಬೇಕು, ಕುಡಿಯುವ ನೀರು ಆಗಬೇಕು, ಅಂಗನವಾಡಿ ನಡೆಯಬೇಕು. ಕೇಳದವರ ಕೆಲಸ ಹಿಂದೆ ಉಳಿದುಬಿಡುತ್ತದೆ.

ಅರ್ಜಿ ಕೊಟ್ಟ ಕೂಡಲೇ ಬೀಗ ತೆರೆಯಲಿಲ್ಲ. ಬೇಡಿಕೆ ಯೋಜನೆಯಾಗಬೇಕು. ಪಂಚಾಯತ್ ಆಡಳಿತ ಸಮಿತಿ ಒಪ್ಪಬೇಕು. ಜಿಲ್ಲಾ ಯೋಜನಾ ಸಮಿತಿಯ ಮಂಜೂರಾತಿ ಸಿಗಬೇಕು. 2023ರ ಏಪ್ರಿಲ್‌ನಲ್ಲಿ ಹೊಸ ಹಣಕಾಸು ವರ್ಷ ಆರಂಭವಾಯಿತು. ತೋಡಿಗೆ ಕಾಂಕ್ರೀಟಿನ ಸಂಕ ಬಂತು, ಅದರ ಎರಡೂ ಬದಿಗೆ ಕಬ್ಬಿಣದ ಕೈಹಿಡಿ ಬಂತು. ಕುಟುಂಬಶ್ರೀಯ ಒಬ್ಬ ಅಕ್ಕನನ್ನು ಹಗಲುಮನೆ ನೋಡಿಕೊಳ್ಳಲು ನೇಮಿಸಿದರು. ಆಗಸ್ಟ್ ತಿಂಗಳಲ್ಲಿ ಬೀಗ ತೆರೆಯಿತು.

ಆದರೆ ಸಂಕದ ಮಾತು ಎತ್ತಿದ ಕೆಳಗಿನ ಮನೆಯ ಅಜ್ಜ ಆ ಸಂಕದ ಮೇಲೆ ಒಂದು ದಿನವೂ ನಡೆಯಲಿಲ್ಲ. ಅಷ್ಟರಲ್ಲಿ ಅವರಿಗೆ ಪಕ್ಷವಾತವಾಗಿ ಹಾಸಿಗೆ ಹಿಡಿದಿದ್ದರು.

ಬರಲಾರದವರ ಬಳಿಗೆ ಸೇವೆಯೇ ಹೋಗಬೇಕು, ಅಲ್ಲವೇ? ಕೇರಳದಲ್ಲಿ ಅದಕ್ಕೂ ಒಂದು ದಾರಿ ಇದೆ. 1993ರಲ್ಲಿ ಕೋಝಿಕ್ಕೋಡಿನ ವೈದ್ಯಕೀಯ ಕಾಲೇಜಿನಲ್ಲಿ ಕೆಲವು ವೈದ್ಯರು, ಸ್ವಯಂಸೇವಕರು ಸೇರಿ ಗುಣವಾಗದ ಕಾಯಿಲೆಯವರ ನೋವು ಕಡಿಮೆ ಮಾಡುವ ಕೆಲಸ ಆರಂಭಿಸಿದರು. ಅದಕ್ಕೆ ಪಾಲಿಯೇಟಿವ್ ಆರೈಕೆ ಎಂದು ಹೆಸರು. 2008ರಲ್ಲಿ ಕೇರಳ ಸರಕಾರ ಅದಕ್ಕಾಗಿ ಒಂದು ನೀತಿಯನ್ನೇ ಮಾಡಿತು. ದೇಶದಲ್ಲಿ ಮೊದಲು ಹೀಗೆ ಮಾಡಿದ ರಾಜ್ಯ ಕೇರಳ. ಪಂಚಾಯತ್‌ಗಳು ತಮ್ಮ ಹಣದಲ್ಲಿ ನರ್ಸನ್ನು ನೇಮಿಸಿ, ವಾಹನ ಮತ್ತು ಔಷಧಿ ಒದಗಿಸಿ, ಹಾಸಿಗೆ ಹಿಡಿದವರ ಮನೆಗೇ ಆರೈಕೆ ಮುಟ್ಟಿಸುತ್ತವೆ.

ಅಜ್ಜನ ಮನೆಗೂ ನರ್ಸ್ ಬರತೊಡಗಿದರು. ಬೆನ್ನಿನ ಹುಣ್ಣು ತೊಳೆದು ಪಟ್ಟಿ ಕಟ್ಟುತ್ತಿದ್ದರು. ಮಗ್ಗುಲು ಬದಲಿಸುವುದು ಹೇಗೆ ಎಂದು ಮನೆಯವರಿಗೆ ಕಲಿಸಿದರು. ಗಾಳಿ ತುಂಬುವ ಹಾಸಿಗೆ ತಂದುಕೊಟ್ಟರು. ಒಂದೇ ಒಂದು ತೊಡಕು. ನರ್ಸ್‌ಗೆ ಮಲಯಾಳ ಮಾತ್ರ ಬರುತ್ತಿತ್ತು. ಅಜ್ಜನಿಗೆ ಕನ್ನಡ, ತುಳು ಮಾತ್ರ. ಮೂರನೆಯ ತರಗತಿಯ ಮೊಮ್ಮಗ ನಡುವೆ ನಿಂತು ಎರಡೂ ಕಡೆಯ ಮಾತು ದಾಟಿಸುತ್ತಿದ್ದ. ಒಂದು ದಿನ ನರ್ಸ್ ಬಂದಾಗ ಅವನು ಶಾಲೆಯಲ್ಲಿದ್ದ. ಅಜ್ಜನಿಗೆ ನೋವು. ಎಲ್ಲಿ ಎಂದು ಹೇಳಿದರೂ ನರ್ಸ್‌ಗೆ ತಿಳಿಯಲಿಲ್ಲ. ಅಜ್ಜ ಮುಖ ತಿರುಗಿಸಿ ಕಣ್ಣು ಒರೆಸಿಕೊಂಡರಂತೆ.

ಮುಂದಿನ ಸಲ ನರ್ಸ್ ಸಂಜೆ ಬಂದರು. ಹುಡುಗನನ್ನು ಹತ್ತಿರ ಕುಳ್ಳಿರಿಸಿ ನೋಟುಪುಸ್ತಕ ತೆರೆದರು. ನೋವು, ಉರಿ, ತುರಿಕೆ, ಬಾಯಾರಿಕೆ, ನಿದ್ದೆ, ಎಡ, ಬಲ, ಸಾಕು ಎಂಬ ಕನ್ನಡ ಪದಗಳನ್ನು ಕೇಳಿ ಮಲಯಾಳ ಅಕ್ಷರದಲ್ಲಿ ಬರೆದುಕೊಂಡರು. "ಅಜ್ಜಾ, ನೋವು ಎಲ್ಲಿ?" ಎಂದು ತಡವರಿಸುತ್ತಾ ಓದಿದರು. ಅಜ್ಜ ನಕ್ಕರು. ಎಷ್ಟೋ ದಿನಗಳ ಮೇಲೆ ನಕ್ಕರು ಎಂದು ಮನೆಯವರು ಹೇಳುತ್ತಾರೆ. ಆ ವರ್ಷದ ಕೊನೆಗೆ ಅಜ್ಜ ತೀರಿಕೊಂಡರು. ಹುಣ್ಣಿನ ಬಾಧೆಯಿಲ್ಲದೆ, ತನ್ನ ಮನೆಯಲ್ಲೇ ಕಣ್ಣು ಮುಚ್ಚಿದರು.

ಹಿರಿಯರ ಬಗ್ಗೆ ಇಷ್ಟು ಮಾತು ಏಕೆ ಎಂದು ನಿಮಗೆ ಅನಿಸಬಹುದು. 1961ರಲ್ಲಿ ಕೇರಳದ ನೂರು ಜನರಲ್ಲಿ ಸುಮಾರು 5 ಮಂದಿ ಮಾತ್ರ ಅರುವತ್ತು ದಾಟಿದವರಿದ್ದರು. 2011ರ ಜನಗಣತಿಯಲ್ಲಿ ಅದು ಸುಮಾರು 13 ಆಯಿತು. ಇಡೀ ದೇಶದಲ್ಲಿ ಆಗ ಅದು ಸುಮಾರು 9. ಜನರ ಆಯುಸ್ಸು ಹೆಚ್ಚಿದೆ, ಅದು ಸಂತೋಷದ ವಿಷಯ. ಮನೆಗಳಲ್ಲಿ ಮಕ್ಕಳ ಸಂಖ್ಯೆ ಕಡಿಮೆಯಾಗಿದೆ. ದುಡಿಯುವವರು ಮಂಗಳೂರಿಗೆ, ಬೆಂಗಳೂರಿಗೆ, ಗಲ್ಫಿಗೆ ಹೋಗಿದ್ದಾರೆ. ಹಾಗಾಗಿ ಒಂದು ಮನೆಯಿಂದ ಮಾತ್ರ ಆಗದ ಕೆಲಸವನ್ನು ಊರು ಸೇರಿ ಮಾಡಬೇಕಾಗಿದೆ. ಅಮ್ಮನನ್ನು ನೋಡಿಕೊಳ್ಳುವುದು ನನ್ನ ಕರ್ತವ್ಯ. ಆದರೆ ಅಮ್ಮನಿಗೆ ಗೆಳತಿಯರನ್ನು ನಾನು ಒಬ್ಬಳೇ ಎಲ್ಲಿಂದ ತರಲಿ?

ಈಗ ಅಮ್ಮ ಹತ್ತು ಗಂಟೆಗೆ ಬುತ್ತಿ ಹಿಡಿದು ಹೊರಡುತ್ತಾರೆ. ಸಂಜೆ ನನಗಿಂತ ಮೊದಲೇ ಮನೆಯಲ್ಲಿರುತ್ತಾರೆ. ನಾನು ಚೀಲ ಇಳಿಸುವ ಮೊದಲೇ ಅವರ ಮಾತು ಆರಂಭವಾಗುತ್ತದೆ. ಬೀಡಿ ಕಟ್ಟುವ ಅಜ್ಜಿ ಯಾರನ್ನು ನಗಿಸಿದರು, ಯಾರ ರಕ್ತದೊತ್ತಡ ಎಷ್ಟಿತ್ತು, ಪತ್ರಿಕೆಯಲ್ಲಿ ಎಂತ ಬಂದಿತ್ತು. ಬುತ್ತಿಯ ಪಾತ್ರೆ ಖಾಲಿ ಇರುತ್ತದೆ.

ಎಲ್ಲವೂ ಸರಿಯಾಯಿತು ಎಂದು ನಾನು ಹೇಳುವುದಿಲ್ಲ. 2025ರ ಫೆಬ್ರವರಿಯಲ್ಲಿ ಚಹಾದ ಹಣ ಮುಗಿಯಿತು. ಮಾರ್ಚ್ ಕೊನೆಯವರೆಗೆ ಹಿರಿಯರೇ ಸರದಿಯಲ್ಲಿ ಸಕ್ಕರೆ, ಚಹಾಪುಡಿ ತಂದರು. ಹಗ್ಗ ಸವೆಯುತ್ತದೆ ಎಂದು ಹೇಳಿದ್ದೆನಲ್ಲ? ಅದೇ 2025ರಲ್ಲಿ ಹಿರಿಯರಿಗಾಗಿ ಒಂದು ಆಯೋಗ ರಚಿಸುವ ಕಾನೂನನ್ನು ಕೇರಳ ವಿಧಾನಸಭೆ ಅಂಗೀಕರಿಸಿತು. ಕಾನೂನು ಬಂದರೂ ನಮ್ಮ ವಾರ್ಡಿನ ಚಹಾದ ಲೆಕ್ಕವನ್ನು ನಮ್ಮ ವಾರ್ಡಿನವರೇ ಪ್ರತಿ ವರ್ಷ ಎದ್ದು ನಿಂತು ಹೇಳಬೇಕು.

ಮಕ್ಕಳೇ, ಗ್ರಾಮಸಭೆಯಲ್ಲಿ ಮತದಾರರಾಗಲು ನಿಮಗೆ ಇನ್ನೂ ವಯಸ್ಸಾಗಿಲ್ಲ. ಆದರೆ ನೋಟೀಸು ಬಂದಾಗ ಅಜ್ಜಿಗೆ ಓದಿ ಹೇಳಲು ವಯಸ್ಸಾಗಿದೆ. ಲೆಕ್ಕ ಮಾಡಿಕೊಡಲು ಆಗಿದೆ. ಸಂಕ ದಾಟುವಾಗ ಕೈಹಿಡಿಯಲು ಆಗಿದೆ. ಇಂದು ಮನೆಗೆ ಹೋದ ಮೇಲೆ, "ಅಜ್ಜಿ, ನೀವು ಹತ್ತು ಗಂಟೆಯಿಂದ ನಾಲ್ಕು ಗಂಟೆಯವರೆಗೆ ಎಂತ ಮಾಡಿದ್ದು?" ಎಂದು ಕೇಳಿ. ಉತ್ತರ ಬರಲು ತಡವಾದರೆ ಸ್ವಲ್ಪ ಹೊತ್ತು ಅವರ ಬಳಿಯೇ ಕುಳಿತುಕೊಳ್ಳಿ.

ನಾನು ಈಗ ಗ್ರಾಮಸಭೆಗೆ ಹೋದರೆ ಮುಂದಿನ ಸಾಲಿನಲ್ಲಿ ಕುಳಿತುಕೊಳ್ಳುತ್ತೇನೆ. ಹಿಂದಿರುಗಿ ಬರುವಾಗ ಅಮ್ಮ ಜಗಲಿಯಲ್ಲಿ ಇರುತ್ತಾರೆ.

"ಎಂತ ಕೇಳಿದಿ ಮಗಾ?" ಎನ್ನುತ್ತಾರೆ.

ಈಗ ನನ್ನ ಬಳಿ ಉತ್ತರ ಇರುತ್ತದೆ.